ಕೊಟ್ಟಿಗೆಯ ಮಾತು

ಕೂಡುಕುಟುಂಬದ ಮನೆಯಲ್ಲಿ ಗಂಡ ಹೆಂಡತಿ ಎಲ್ಲಿ ಕೂತು ಮಾತಾಡಿಕೊಳ್ಳುತ್ತಿದ್ದರು ಎಂದು ಈಗಿನವರು ಯಾರೂ ಕೇಳುವುದಿಲ್ಲ. ಕೇಳಬೇಕು. ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಜಗಲಿ ಅಜ್ಜನದು, ಅಡುಗೆಮನೆ ಅಜ್ಜಿಯದು, ಮೆತ್ತು ಅಡಿಕೆ ಮೂಟೆಗಳದು. ನಡುಮನೆಯಲ್ಲಿ ಮಕ್ಕಳು, ನೆಂಟರು, ಬಾಣಂತನಕ್ಕೆ ಬಂದ ಅತ್ತೆಯಂದಿರು ಸಾಲಾಗಿ ಮಲಗುತ್ತಿದ್ದರು. ಅಪ್ಪ ಆಯಿಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಹಗಲಲ್ಲಿ ಕೇಳಿದವನಲ್ಲ. ‘ನೀರು’ ಎನ್ನುತ್ತಿದ್ದ, ನೀರು ಬರುತ್ತಿತ್ತು, ಅಷ್ಟೆ. ಅಜ್ಜ ಮನೆಯಲ್ಲಿರುವಷ್ಟು ಹೊತ್ತೂ ಆಯಿ ತಲೆಯೆತ್ತಿ ಮಾತಾಡುತ್ತಿರಲಿಲ್ಲ. ಅವರಿಬ್ಬರಿಗೆ ಅಂತ ಉಳಿದದ್ದು ಕೊಟ್ಟಿಗೆಯೊಂದೇ.

ದೇವರಿಗೆ ದೀಪ ಹಚ್ಚಿ ಆದಮೇಲೆ ಆಯಿ ಅಕ್ಕಚ್ಚಿನ ಬಕೆಟ್ಟು ಎತ್ತಿಕೊಂಡು ಹಿತ್ತಿಲ ಬಾಗಿಲು ದಾಟುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಪ್ಪ ಲಾಟೀನು ಹಿಡಿದು ಹೊರಡುತ್ತಿದ್ದ. ಕರು ಬಿಡಲು, ಮತ್ತೆ ಎಳೆದು ಕಟ್ಟಲು ಇನ್ನೊಬ್ಬರು ಬೇಕೇ ಬೇಕು. ಹಾಗಾಗಿ ಯಾರೂ ಹುಬ್ಬೇರಿಸುವ ಹಾಗಿರಲಿಲ್ಲ. ಅಟ್ಟದಿಂದ ಬಿಳಿಹುಲ್ಲು ಕೆಳಗೆ ಹಾಕುವ ಕೆಲಸ ನನ್ನದು. ಹಾಕಿ ಆದಮೇಲೂ ನಾನು ಇಳಿಯುತ್ತಿರಲಿಲ್ಲ. ಹುಲ್ಲಿನ ಮೇಲೆ ಬೋರಲು ಮಲಗಿ, ಅಟ್ಟದ ದಬ್ಬೆಗಳ ಸಂದಿಯಿಂದ ಕೆಳಗೆ ನೋಡುತ್ತಿದ್ದೆ.

ಅಲ್ಲಿ ಆಯಿ ಬೇರೆಯೇ ಹೆಂಗಸು. ಹಣೆಯನ್ನು ಗೌರಿಯ ಪಕ್ಕೆಗೆ ಆನಿಸಿ, ಮೊಣಕಾಲ ನಡುವೆ ತಂಬಿಗೆ ಹಿಡಿದು ಕೂತರೆ ಮಾತು ಶುರು. ಮೊದಮೊದಲು ತಂಬಿಗೆಯ ತಳಕ್ಕೆ ಬೀಳುವ ಹಾಲಿನ ಸಣ್ಣ ಸದ್ದು, ನೊರೆ ಏರಿದಂತೆ ಅದು ದಪ್ಪವಾಗುತ್ತ ಬರುತ್ತಿತ್ತು. ಆ ಸದ್ದಿನ ಮರೆಯಲ್ಲಿ ಅವಳು ಅಪ್ಪನನ್ನು ಬೈಯುತ್ತಿದ್ದಳು, ನಗುತ್ತಿದ್ದಳು, ಒಮ್ಮೊಮ್ಮೆ ಅಳುತ್ತಲೂ ಇದ್ದಳು. ಸೊಸೈಟಿಯ ಸಾಲ, ಅತ್ತೆಯ ಮದುವೆಗೆ ಅಡವಿಟ್ಟ ಬಳೆ, ನನ್ನ ತಮ್ಮನ ಕೆಮ್ಮು, ಎಲ್ಲ ಅಲ್ಲೇ ಇತ್ಯರ್ಥ. ಅಪ್ಪ ಕರುವಿನ ಗಂಗೆದೊಗಲು ಸವರುತ್ತ ‘ಹೂಂ’ ಎನ್ನುತ್ತಿದ್ದ. ಆಯಿ ಅವನಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದನ್ನೇ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ. ‘ಅಡಿಕೆಗೆ ರೇಟು ಬರ್ಲಿ’ ಎನ್ನುತ್ತಿದ್ದ ಅಪ್ಪ. ನಾಲ್ಕು ಮೊಲೆ ಹಿಂಡುವಷ್ಟು ಹೊತ್ತು ಅವರ ಸಂಸಾರ. ಆಮೇಲೆ ಲಾಟೀನು ಮುಂದೆ, ತಂಬಿಗೆ ಹಿಂದೆ, ಮತ್ತೆ ಮೌನ.

ನಮ್ಮ ಕಡೆ ಕೊಟ್ಟಿಗೆ ಕಟ್ಟಿದ್ದು ಹಾಲಿಗೆ ಅಲ್ಲ, ಗೊಬ್ಬರಕ್ಕೆ. ಮಲೆನಾಡು ಗಿಡ್ಡ ಮೂರಡಿ ಎತ್ತರದ ದನ. ಹೊತ್ತಿಗೆ ಒಂದು ಲೀಟರು ಕೊಟ್ಟರೆ ಅದೇ ಹೆಚ್ಚು. ಹಗಲೆಲ್ಲ ಕಾಡು ಮೇದು, ಸಂಜೆ ತಾನಾಗಿ ಬಂದು ತನ್ನ ಗೂಟದ ಬಳಿ ನಿಲ್ಲುತ್ತಿತ್ತು. ಅದರ ಕಾಲಡಿಗೆ ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು. ಬ್ರಿಟಿಷರ ಕಾಲದಲ್ಲೇ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಸೀಮೆ ಇದು. ಮತ್ತಿ, ನಂದಿ, ಹೊನ್ನೆಯ ಸೊಪ್ಪು ಬೆಟ್ಟದಿಂದ ಕೊಟ್ಟಿಗೆಗೆ, ಅಲ್ಲಿ ತುಳಿಸಿಕೊಂಡು ಗೊಬ್ಬರಗುಂಡಿಗೆ, ಗುಂಡಿಯಿಂದ ಅಡಿಕೆ ಮರದ ಬುಡಕ್ಕೆ. ಸೊಪ್ಪಿನ ಹೊರೆ ಹೊರುವವರು ಇಲ್ಲವಾದದ್ದೇ ಈ ನಂಟು ಕಡಿಯಿತು. ಗೊಬ್ಬರ ಲಾರಿಯಲ್ಲಿ ಬಂತು, ಹಾಲು ಪ್ಯಾಕೆಟ್ಟಿನಲ್ಲಿ ಬಂತು, ಗದ್ದೆಗೆ ಟಿಲ್ಲರ್ ಬಂತು, ಮಕ್ಕಳು ಬೆಂಗಳೂರಿಗೆ ಹೋದೆವು. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ದೇಶದಲ್ಲಿ ನಾಟಿ ದನಗಳ ಸಂಖ್ಯೆ ಶೇಕಡಾ 6ರಷ್ಟು ಇಳಿಯಿತು. ಓದುವಾಗ ಅದು ಸಣ್ಣ ಅಂಕಿ. ನಮ್ಮ ಕೇರಿಯಲ್ಲಿ ನಡೆದು ನೋಡಿದರೆ ಮನೆ ಮನೆಯ ಹಿಂದೆಯೂ ಬರಿದಾದ ಗೂಟ.

ಹೋದ ಚಳಿಗಾಲದಲ್ಲಿ ಅಂಥದೊಂದು ಬರಿದಾದ ಕೊಟ್ಟಿಗೆಯಲ್ಲಿ ನಾನೂ ಹೆಂಡತಿಯೂ ಉಳಿದು ಬಂದೆವು. ಮದುವೆಯ ದಿನಕ್ಕೆಂದು ಮಕ್ಕಳು ಕಾದಿರಿಸಿ ಕೊಟ್ಟ ಹೋಂಸ್ಟೇ, ಸಿದ್ದಾಪುರದ ಕಡೆಗೆ. ದಂಪತಿಗಳಿಗೆಂದೇ ಮಾಡಿದ ಜಾಗ. ಮನೆಯವರ ಮೇಲೆ ನನಗೆ ತುಂಬ ಗೌರವ ಹುಟ್ಟಿತು. ಅವರು ಕೊಟ್ಟಿಗೆಯನ್ನು ಕೆಡವಿ ಕಾಂಕ್ರೀಟು ಸುರಿದಿರಲಿಲ್ಲ. ಚಿರೇಕಲ್ಲಿನ ಗೋಡೆಗೆ ಸುಣ್ಣ ಬಳಿದು, ಹುಲ್ಲಟ್ಟಕ್ಕೆ ಏಣಿ ಇಟ್ಟು ಓದುವ ಮೂಲೆ ಮಾಡಿದ್ದರು. ಗೋದಲಿಯಲ್ಲಿ ಪುಸ್ತಕ, ಕಂಬಳಿ. ಮಾಡಿನ ನಡುವಿನ ಗಾಜಿನ ಹೆಂಚಿನಿಂದ ಹಾಸಿಗೆಯ ಮೇಲೆ ಬಿಸಿಲು ಬೀಳುತ್ತಿತ್ತು. ಗಂಜಲ ಹರಿಯುವ ಕಲ್ಲಿನ ಕಾಲುವೆಯನ್ನು ಸಹ ಮುಚ್ಚದೆ ತೊಳೆದು ಹಾಗೇ ಬಿಟ್ಟಿದ್ದರು.

ನಡುವೆ ಮತ್ತಿಯ ಕಂಬವೊಂದಿತ್ತು. ಅದರ ಒಂದು ಬದಿ ಮಾತ್ರ ತಿಕ್ಕಿ ತಿಕ್ಕಿ ನುಣುಪಾಗಿತ್ತು, ಎಣ್ಣೆ ಕುಡಿದು ಕಪ್ಪಾಗಿತ್ತು. ಕೈಯಿಟ್ಟು ನೋಡಿದೆ. ನನ್ನ ಸೊಂಟಕ್ಕಿಂತ ಕೆಳಗೆ. ಗಿಡ್ಡದ ಕತ್ತಿನ ಎತ್ತರವೇ. ಕೆಳಗೆ ಹಗ್ಗ ಕೊರೆದ ಗಾಯ, ಬೆರಳು ಹುದುಗುವಷ್ಟು ಆಳ. ಎಷ್ಟು ತಲೆಮಾರಿನ ದನಗಳು ಅಲ್ಲಿ ತುರಿಸಿಕೊಂಡಿರಬೇಕು, ಎಷ್ಟು ಆಯಿಯರು ಅಲ್ಲಿ ಒರಗಿ ನಿಂತಿರಬೇಕು.

ಶಾಂತವಾದ ಜಾಗ, ನಿಜ. ಆದರೆ ಕೊಟ್ಟಿಗೆ ಎಂದೂ ಶಾಂತವಾಗಿರುತ್ತಿರಲಿಲ್ಲ. ರಾತ್ರಿಯಿಡೀ ಮೆಲುಕು, ಕೋಡಿಗೆ ಕಂಬ ತಾಗುವ ಸದ್ದು, ಗಂಟೆಯ ಒಂದೆರಡು ಟಣಟಣ, ನೊಣಕ್ಕೆಂದು ಹಾಕಿದ ಲಕ್ಕಿಸೊಪ್ಪಿನ ಹೊಗೆ. ಗೋಡೆಯಾಚೆ ಅಷ್ಟು ಜೀವಗಳು ಉಸಿರಾಡುತ್ತಿವೆ ಎಂಬ ಧೈರ್ಯದಲ್ಲಿ ನಾವು ಮಕ್ಕಳು ನಿದ್ದೆ ಹೋಗುತ್ತಿದ್ದೆವು. ಅದಿಲ್ಲದ ಕೊಟ್ಟಿಗೆಯಲ್ಲಿ ನನಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ. ಹೆಂಡತಿಗೂ ಇಲ್ಲ. ಹುಬ್ಬಳ್ಳಿಯ ಪೇಟೆಯಲ್ಲಿ ಬೆಳೆದವಳು, ಆಯಿಯನ್ನು ಅವಳು ಕಂಡದ್ದು ಕೊನೆಯ ಕೆಲವು ವರ್ಷ. ಕತ್ತಲಲ್ಲಿ ಎಲ್ಲ ಹೇಳಿದೆ, ಅಟ್ಟದ ಮೇಲಿಂದ ಕೇಳಿಸಿಕೊಂಡದ್ದನ್ನೂ. ‘ಆ ಕೋಣೆ ಕಡೆಗೂ ಆಯ್ತಾ?’ ಎಂದಳು.

ಆಯಿತು. ಅಜ್ಜ ಹೋದಮೇಲೆ ಪಾಲಾಗಿ, ಅಪ್ಪ ಬೇರೆ ಮನೆ ಕಟ್ಟಿದ. ಕೋಣೆ, ಚಿಲಕ, ಮಂಚ, ಕಿಟಕಿಗೆ ಪರದೆ. ಹೊಸ ಮನೆಯ ಕೋಣೆಯಲ್ಲಿ ಅವರಿಬ್ಬರೂ ಕೂತು ಮಾತಾಡಿದ್ದನ್ನು ಮಾತ್ರ ನಾನು ಕಾಣಲಿಲ್ಲ. ಅಲ್ಲಿ ಆಯಿ ಬಟ್ಟೆ ಮಡಿಸುತ್ತಿದ್ದಳು, ಅಪ್ಪ ಪೇಪರ್ ಓದುತ್ತಿದ್ದ. ಸಂಜೆಯಾದರೆ ಕರೆಂಟು ಇದ್ದರೂ ಲಾಟೀನು ಹಚ್ಚಿಕೊಂಡು ಅಪ್ಪ ಕೊಟ್ಟಿಗೆಗೆ ಹೊರಡುತ್ತಿದ್ದ. ಮಾತು ಅಲ್ಲೇ, ನಗೆ ಅಲ್ಲೇ.

ಆಯಿ ತೀರಿಕೊಂಡಾಗ ಕೊಟ್ಟಿಗೆಯಲ್ಲಿ ಉಳಿದದ್ದು ಗೌರಿಯ ಮೊಮ್ಮಗಳು ಒಂದೇ. ಕರು ಕಾಲಡಿಯಲ್ಲೇ ಇದ್ದರೂ ಅದು ತೊರೆ ಬಿಡಲಿಲ್ಲ. ಬೇರೆ ಕೈ ಸೋಕಿದರೆ ಒದೆಯುತ್ತಿತ್ತು. ಹಿಂಡಿ ಕೊಟ್ಟು, ಕೊಬ್ಬರಿಎಣ್ಣೆ ಸವರಿ, ಪಕ್ಕದ ಮನೆಯ ಅತ್ತಿಗೆಯನ್ನು ಕರೆದು, ಯಾವುದಕ್ಕೂ ಬಗ್ಗಲಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ಅಪ್ಪ ಒಳಗೆ ಹೋಗಿ, ಆಯಿ ಕೊಟ್ಟಿಗೆ ಕೆಲಸಕ್ಕೆ ಉಡುತ್ತಿದ್ದ ಹಳೆಯ ನೀಲಿ ಸೀರೆಯನ್ನು ತಂದ. ಒಗೆದಿರಲಿಲ್ಲ. ಅದನ್ನು ಹೆಗಲಿಂದ ಮೊಣಕಾಲವರೆಗೆ ಸುತ್ತಿಕೊಂಡು, ತಂಬಿಗೆ ಹಿಡಿದು ಕೂತ. ದನ ತಿರುಗಿ ಮೂಸಿತು. ಮತ್ತೆ ಮೂಸಿತು. ಹಾಲು ಇಳಿಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಹಣೆಯನ್ನು ಅದರ ಪಕ್ಕೆಗೆ ಆನಿಸಿ, ಅವಳು ಕೂರುತ್ತಿದ್ದ ರೀತಿಯಲ್ಲೇ ಕೂತು, ಏನೋ ಹೇಳುತ್ತಿದ್ದ. ಕೇಳಿಸಲಿಲ್ಲ. ಕೇಳಿಸಿಕೊಳ್ಳಲೂ ಬಾರದು ಅನಿಸಿ ಹಿಂದೆ ಸರಿದೆ.

‘ಆ ಸೀರೆ ಈಗ ಎಲ್ಲಿದೆ?’ ಎಂದು ಹೆಂಡತಿ ಕೇಳಿದಳು.

ಅಪ್ಪನಿಗೆ ಮೊಣಕಾಲು ಬಾರದಾದಾಗ ದನವನ್ನು ಅಕ್ಕನ ಮನೆಗೆ ಕೊಟ್ಟೆವು. ಕಳಿಸುವ ಬೆಳಿಗ್ಗೆ ಅಪ್ಪ ಅದಕ್ಕೆ ಕುಂಕುಮ ಹಚ್ಚಿ, ಹೊಸ ಹಗ್ಗ ಹಾಕಿ, ಹಳೆಯ ಗಂಟೆಯನ್ನೇ ಕಟ್ಟಿದ. ಆಮೇಲೆ ಆ ನೀಲಿ ಸೀರೆಯನ್ನು ಮಡಿಸಿ ಅಕ್ಕನ ಕೈಗೆ ಕೊಟ್ಟು, ‘ಹಿಂಡುವಾಗ ಉಟ್ಕೊ, ಇಲ್ದಿದ್ರೆ ಬಿಡ್ತಿಲ್ಲೆ’ ಎಂದ. ಅಕ್ಕ ಅದನ್ನು ಹರಿಯುವ ತನಕ ಉಟ್ಟಳು.