ಹಾರೋಬೆಲೆಯ ಶಿಬಿರಕ್ಕೆ ಹೋದಾಗ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಸ್ವಲ್ಪ ಆಚೆ, ನೂಲು ಬಿಚ್ಚಾಣಿಕೆಯ ಮನೆಗಳಿರುವ ಗಲ್ಲಿಗಳಲ್ಲಿ ಬೆಳಗಾಗುವ ಹೊತ್ತಿಗೇ ಬೆಂದ ಗೂಡಿನ ವಾಸನೆ ಹರಡಿರುತ್ತದೆ. ಅಂಥದೊಂದು ಗಲ್ಲಿಯಿಂದ ಚೀಲ ಹೆಗಲಿಗೇರಿಸಿ ಬಂದ ಹುಡುಗಿ ನಮ್ಮ ವ್ಯಾನು ಹತ್ತಿದಳು. ಮೊದಲ ಪಿಯುಸಿ. ತಾಯಿ ಬಿಸಿನೀರಿನ ಬಾನಿಯಲ್ಲಿ ಕೈಯಾಡಿಸಿ ಎಳೆ ಹಿಡಿಯುವ ಕೆಲಸದವರು. ಹಾರೋಬೆಲೆಯಲ್ಲಿ ವೈಸಿಎಸ್ ವಿದ್ಯಾರ್ಥಿಗಳ ಶಿಬಿರ. ಮಕ್ಕಳ ಜೊತೆ ನಾನೂ ಹೊರಟಿದ್ದೆ.

ಚನ್ನಪಟ್ಟಣದಲ್ಲಿ ಇನ್ನಷ್ಟು ಮಕ್ಕಳು ಹತ್ತಿದರು. ಒಬ್ಬನ ತೋಳಿಗೆ ಆಲೆಮರದ ಹೊಟ್ಟು ಅಂಟಿತ್ತು. ಅಪ್ಪ ಗೊಂಬೆ ಕಡೆಯುವವರು. ಸಾತನೂರಿನ ದಾರಿಯುದ್ದಕ್ಕೂ ಹಾಡೋ ಹಾಡು.

ವೈಸಿಎಸ್ ಎಂದರೆ ಯಂಗ್ ಕ್ಯಾಥೊಲಿಕ್ ಸ್ಟೂಡೆಂಟ್ಸ್. ಬೇರೆ ಧರ್ಮದ ಮಕ್ಕಳಿಗೂ ಜಾಗವಿರಲೆಂದು ನಮ್ಮ ದೇಶದಲ್ಲಿ ಇದಕ್ಕೆ ಯಂಗ್ ಸ್ಟೂಡೆಂಟ್ಸ್ ಮೂವ್‌ಮೆಂಟ್ ಎಂಬ ಹೆಸರೂ ಇದೆ. ಇದರ ಬೇರು ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಅವರಲ್ಲಿದೆ. ಜೊತೆಗೆ ಓದಿದ ಬಡ ಹುಡುಗರು ಕಾರ್ಖಾನೆ ಸೇರಿ ತಮ್ಮಿಂದ ದೂರವಾದದ್ದು ಅವರನ್ನು ಕೊನೆಯವರೆಗೂ ಕಾಡಿತು. 1925ರಲ್ಲಿ ಯುವ ಕಾರ್ಮಿಕರ ಸಂಘಟನೆ ಕಟ್ಟಿ, ಅವರಿಗೆ ಕೊಟ್ಟದ್ದು ಮೂರೇ ಮಾತು: ನೋಡು, ವಿವೇಚಿಸು, ಮಾಡು. 1961ರಲ್ಲಿ ಪೋಪ್ 23ನೇ ಜಾನ್ ಈ ಕ್ರಮವನ್ನು ತಮ್ಮ ವಿಶ್ವಪತ್ರದಲ್ಲೇ ಎತ್ತಿಹಿಡಿದರು. ವ್ಯಕ್ತಿತ್ವ ವಿಕಸನದ ಎಷ್ಟೋ ಭಾಷಣ ಕೇಳಿದ್ದೇನೆ. ಈ ಮೂರು ಮಾತಿನ ಮೇಲಿರುವಷ್ಟು ಭರವಸೆ ನನಗೆ ಅವುಗಳ ಮೇಲಿಲ್ಲ.

ಹಾರೋಬೆಲೆ ಕನಕಪುರ ತಾಲ್ಲೂಕಿನಲ್ಲಿ, ಅರ್ಕಾವತಿ ಜಲಾಶಯದ ಪಕ್ಕದಲ್ಲಿರುವ ಊರು. ಬಹುಪಾಲು ಕ್ರೈಸ್ತ ಮನೆಗಳು. ಪ್ರಾರ್ಥನೆಯಾದ ಮೇಲೆ ಮಕ್ಕಳು ಚಾಪೆಯ ಮೇಲೆ ಸುತ್ತಲೂ ಕುಳಿತರು. ಮಕ್ಕಳಿಗೆ ದಾರಿ ತೋರುವ ಆನಿಮೇಟರ್ ಆಗಿದ್ದ ಸಿಸ್ಟರ್ ‘ಮುಂದೆ ಏನಾಗ್ತೀರಿ’ ಎಂದು ಕೇಳಲಿಲ್ಲ. ‘ನಿಮ್ಮ ಬೀದೀಲಿ ಏನು ಕಂಡ್ರಿ?’ ಎಂದರು.

ರಾಮನಗರದ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮ ಪಕ್ಕದ್ಮನೆ ಗೆಳತಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ್ಲು ಸಿಸ್ಟರ್. ಈಗ ಅಮ್ಮನ ಜೊತೆ ಕೆಲ್ಸಕ್ಕೆ ಹೋಗ್ತಾಳೆ’ ಅಂದಳು.

ಆಮೇಲೆ ಯೊವಾನ್ನನ ಶುಭಸಂದೇಶ ಓದಿದರು. ಐದು ಜವೆಗೋಧಿ ರೊಟ್ಟಿ, ಎರಡು ಮೀನು ಇಟ್ಟುಕೊಂಡಿದ್ದ ಹುಡುಗನ ಪ್ರಸಂಗ. ‘ಇವನಿಂದ ನಮಗೇನು ಗೊತ್ತಾಗುತ್ತೆ?’ ‘ಸಾಕಾಗುತ್ತೋ ಇಲ್ವೋ ಅಂತ ಲೆಕ್ಕ ಹಾಕ್ಲಿಲ್ಲ, ಇದ್ದಿದ್ದನ್ನ ಕೊಟ್ಟ’ ಎಂದವನು ಚನ್ನಪಟ್ಟಣದ ಹುಡುಗ. ಮಾತು ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ಪರೀಕ್ಷೆಗೆ ಅರ್ಜಿ ಯಾರು ತುಂಬಿಸುವುದು, ಆ ಗೆಳತಿಯ ತಾಯಿಯ ಹತ್ತಿರ ಯಾರು ಮಾತಾಡುವುದು ಎಂದು ಹಂಚಿಕೆಯಾಯಿತು. ಫೋನಿನಲ್ಲಿ ಗಣಿತ ಹೇಳಿಕೊಡಲು ಅದೇ ಹುಡುಗ ಒಪ್ಪಿಕೊಂಡ. ಸಿಸ್ಟರ್ ಎಲ್ಲರ ಹೆಸರಿನ ಮುಂದೆ ಒಂದೊಂದು ಭಾನುವಾರ ಬರೆದುಕೊಂಡರು. ಆ ದಿನ ಮನೆಗೇ ಬಂದು, ಏನಾಯಿತೆಂದು ವಿಚಾರಿಸುತ್ತಾರೆ. ಹಾಗೆ ವಿಚಾರಿಸುವವರು ಒಬ್ಬರಿದ್ದರೆ ಮಕ್ಕಳು ಕೊಟ್ಟ ಮಾತು ನಡೆಸುವ ಸಂಭವ ಹೆಚ್ಚು.

ಆದರೆ ಸಿಸ್ಟರ್‌ಗೆ ವರ್ಗವಾದರೆ ಹೀಗೆ ವಿಚಾರಿಸುವವರು ಯಾರು? ಶಿಬಿರ ಮುಗಿದ ಮೇಲೆ ಆ ಯೋಚನೆಯಲ್ಲೇ ಮಾಗಡಿ ಕಡೆ ಹೊರಟೆ. ಆ ತಾಲ್ಲೂಕಿನ ವೀರಾಪುರ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮಿಗಳು 1907ರಲ್ಲಿ ಹುಟ್ಟಿದ ಊರು. ತುಮಕೂರಿನಲ್ಲಿ ಓದುವಾಗ ಮಠದಲ್ಲಿ ಉಳಿದಿದ್ದ ವಿದ್ಯಾರ್ಥಿಯೇ 1930ರಲ್ಲಿ ಸನ್ಯಾಸ ಪಡೆದು, ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. ಆ ಮಠದಲ್ಲಿ ಓದಿ ಮೇಷ್ಟರಾಗಿ ನಿವೃತ್ತರಾದವರೊಬ್ಬರು ವೀರಾಪುರದಲ್ಲಿ ಸಿಕ್ಕಿದರು. ‘ಬೆಳಿಗ್ಗೆ ಪ್ರಾರ್ಥನೆಗೆ ಚಿಕ್ಕ ಹುಡುಗ್ರನ್ನ ಎಬ್ಬಿಸೋದು ನನ್ನ ಪಾಲಿನ ಕೆಲ್ಸ. ಓದು ಮುಗಿಸಿ ಹೊರಡೋಕೆ ಮುಂಚೆ ಇನ್ನೊಬ್ಬನಿಗೆ ಅದನ್ನ ಕಲಿಸಿಯೇ ಬಂದೆ ಸ್ವಾಮಿ’ ಎಂದರು.

ಬಸ್ ನಿಲ್ದಾಣದಿಂದಲೇ ಸಿಸ್ಟರ್‌ಗೆ ಫೋನ್ ಮಾಡಿ ಈ ಮಾತು ತಿಳಿಸಿದೆ. ಮುಂದಿನ ತಿಂಗಳ ಸಭೆಯನ್ನು ರಾಮನಗರದ ಹುಡುಗಿಯೇ ನಡೆಸುತ್ತಾಳಂತೆ. ಅವಳ ಗೆಳತಿಯನ್ನೂ ಕರೆದಿದ್ದಾರೆ.