ಉತಾರದಾಗ ಹೆಸರು ಹುಡುಕೂದು

ನಮ್ಮೂರ ಹೆಸರನ್ನು ಎಷ್ಟು ರೀತಿ ಬರೆಯುತ್ತಾರೆ ಅಂತ ಒಮ್ಮೆ ಲೆಕ್ಕ ಹಾಕಿದ್ದೆ. ಪಾಲಬಾವಿ, ಪಾಲಭಾವಿ, ಪಾಲ್ಬಾವಿ, ಪಾಲಬಾಂವಿ. ಇಂಗ್ಲಿಷಿನಲ್ಲಾದರೆ ‘ಬಿ’ ಮುಂದೆ ‘ಎಚ್’ ಇರುವುದು, ಇಲ್ಲದ್ದು. ‘ಎಲ್’ ಆದಮೇಲೆ ‘ಎ’ ಇರುವುದು, ಇಲ್ಲದ್ದು ಅಂತ ಇನ್ನೂ ನಾಲ್ಕು. ಬಸ್ಸಿನ ಕಂಡಕ್ಟರ್ ಇವುಗಳಲ್ಲಿ ಯಾವುದನ್ನು ಕೇಳಿದರೂ ಒಂದೇ ಊರಿನ ಟಿಕೆಟ್ ಕೊಡುತ್ತಾನೆ. ಕಂಪ್ಯೂಟರಿಗೆ ಮಾತ್ರ ಇವು ಎಂಟು ಬೇರೆ ಬೇರೆ ಊರು.

ಹುಡುಕುವ ಯಂತ್ರ ಅಂದರೆ ಏನೋ ದೊಡ್ಡ ಮಾಯೆ ಅಂತ ಜನ ತಿಳಿದಿರುತ್ತಾರೆ. ಅದರ ಬುಡದಲ್ಲಿರೋದು ದಪ್ಪ ಪುಸ್ತಕದ ಕೊನೆಗೆ ಇರುತ್ತಲ್ಲ, ಯಾವ ಪದ ಯಾವ ಪುಟದಲ್ಲಿದೆ ಎನ್ನುವ ಪಟ್ಟಿ, ಅದೇ. ಲಕ್ಷಾಂತರ ಕಾಗದಗಳನ್ನು ಮೊದಲೇ ಓದಿ, ಒಂದೊಂದು ಪದದ ಮುಂದೆ ಅದು ಎಲ್ಲೆಲ್ಲಿದೆ ಅಂತ ಬರೆದಿಟ್ಟುಕೊಂಡಿರುತ್ತದೆ. ನಾವು ಕೇಳಿದಾಗ ಕಾಗದ ತೆಗೆದು ನೋಡುವುದಿಲ್ಲ, ಪಟ್ಟಿ ನೋಡುತ್ತದೆ. ಹಾಗಾಗಿ ಪಟ್ಟಿಯಲ್ಲಿ ಇಲ್ಲದ್ದು, ಕಾಗದದಲ್ಲಿ ಇದ್ದರೂ ಇಲ್ಲದ ಹಾಗೆಯೇ.

ಕನ್ನಡಕ್ಕೆ ಈ ಪಟ್ಟಿ ಮಾಡುವುದು ಸ್ವಲ್ಪ ತ್ರಾಸಿನ ಕೆಲಸ. ‘ಬಾವಿ’ ಅನ್ನೋ ಪದ ಒಂಟಿಯಾಗಿ ಬರುವುದೇ ಕಡಿಮೆ. ಬಾವಿಯ, ಬಾವಿಗೆ, ಬಾವಿಯಿಂದ, ಬಾವಿಯಲ್ಲೂ ಅಂತ ಬಾಲ ಹಚ್ಚಿಕೊಂಡೇ ಬರುತ್ತದೆ. ಬಾಲ ಕತ್ತರಿಸಿ ಬುಡ ಹುಡುಕುವುದನ್ನು ಯಂತ್ರಕ್ಕೆ ಕಲಿಸಬೇಕು. ಅದಾದ ಮೇಲೆ ಕಣ್ಣಿಗೆ ಕಾಣದ ತೊಂದರೆಗಳು. ಬಹಳ ಜನ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನೇ ಒತ್ತಿಬಿಡುತ್ತಾರೆ. ‘ಬೆಳಗಾಂವ’ ಮತ್ತು ‘ಬೆಳಗಾ೦ವ’ ಎರಡನ್ನೂ ನೋಡಿ, ಒಂದರಲ್ಲಿ ಇರೋದು ಸೊನ್ನೆ. ನಮಗೆ ವ್ಯತ್ಯಾಸ ತಿಳಿಯುವುದೇ ಕಷ್ಟ, ಯಂತ್ರಕ್ಕೆ ಎರಡೂ ಸಂಬಂಧವೇ ಇಲ್ಲದ ಪದಗಳು. ಯುನಿಕೋಡ್ ಬಳಕೆಗೆ ಬರುವ ಮುಂಚಿನ ಕಡತಗಳದ್ದು ಇನ್ನೊಂದು ಕತೆ. ಅವುಗಳ ಒಳಗೆ ಕೂತಿದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತಿತ್ತು. ಅಂಥದ್ದರಲ್ಲಿ ಕನ್ನಡ ಪದ ಹುಡುಕಿದರೆ ಸಿಗೋದಾದರೂ ಹೇಗೆ?

ಇದನ್ನೆಲ್ಲ ಸರಿಮಾಡಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ‘ವಚನ ಸಂಚಯ’ ಒಳ್ಳೆ ಉದಾಹರಣೆ. 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಯುನಿಕೋಡಿನಲ್ಲಿ ಒಂದೆಡೆ ತಂದು, ಒಂದು ಪದ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆ ಅಂತ ಕ್ಷಣದಲ್ಲಿ ತೋರಿಸುತ್ತಾರೆ. ಒಬ್ಬ ವಿದ್ವಾಂಸ ಇದೇ ಕೆಲಸವನ್ನು ಕೈಯಿಂದ ಮಾಡಲು ಹೊರಟರೆ ವರ್ಷಗಳೇ ಬೇಕು.

ಆದರೆ ನಮ್ಮೂರಲ್ಲಿ ಜನ ದಿನಾ ಹುಡುಕುವುದು ವಚನಗಳನ್ನಲ್ಲ, ಉತಾರವನ್ನು. ಬೆಂಗಳೂರ ಕಡೆಯವರು ಪಹಣಿ ಅನ್ನುತ್ತಾರಲ್ಲ, ಅದು. ಮೊದಲು ಅದು ತಲಾಟಿ ಹತ್ತಿರ ದಪ್ಪ ಪುಸ್ತಕದಲ್ಲಿ ಇರುತ್ತಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳು ಕಂಪ್ಯೂಟರ್ ಸೇರಿದವು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಕೊಟ್ಟರೆ ಉತಾರ ತೆರೆಯುತ್ತದೆ. ಇಲ್ಲಿ ಹುಡುಕಾಟ ನಡೆಯೋದು ಅಂಕಿಯಿಂದ. ಅಂಕಿಗೆ ಮಹಾಪ್ರಾಣ ಇಲ್ಲ, ದೀರ್ಘ ಇಲ್ಲ. ಅದಕ್ಕೇ ಅದು ಗಟ್ಟಿ.

ಹೆಸರಿನಿಂದ ಹುಡುಕಲು ಹೋದರೆ ನೋಡಿ ಮಜಾ. ನಮ್ಮ ಕಡೆ ಒಬ್ಬನೇ ಮನುಷ್ಯ ಒಂದು ಕಾಗದದಲ್ಲಿ ಸಿದ್ದಪ್ಪ, ಇನ್ನೊಂದರಲ್ಲಿ ಸಿದ್ಧಪ್ಪ, ಮರಾಠಿ ಗಾಳಿ ಸೋಕಿದ ಕಾಗದದಲ್ಲಿ ಶಿದ್ದಪ್ಪ, ಅವಸರದಾಗ ಬರೆದಲ್ಲಿ ಸಿದಪ್ಪ. ಅಮೆರಿಕದಲ್ಲಿ ರಾಬರ್ಟ್ ರಸೆಲ್ ಎಂಬಾತ ಇಂಥ ಗೋಳಿಗೆ 1918ರಲ್ಲೇ ಒಂದು ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಕೇಳಲು ಒಂದೇ ಥರ ಇರುವ ಹೆಸರುಗಳಿಗೆಲ್ಲ ಒಂದೇ ಸಂಕೇತ ಕೊಡುವುದು. ಕನ್ನಡದಲ್ಲೂ ಮಾಡಬಹುದು: ಒತ್ತಕ್ಷರ ತೆಗೆ, ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡು, ಶ, ಷ, ಸ ಮೂರನ್ನೂ ಒಂದೇ ಅಂತ ತಿಳಿ. ನಾಲ್ಕೂ ಜನ ಒಬ್ಬನೇ ಆಗಿಬಿಡುತ್ತಾನೆ.

ಆಗ ಇನ್ನೊಂದು ತಕರಾರು. ನಿಜವಾಗಿಯೂ ಬೇರೆ ಬೇರೆಯಾದ ಸಿದ್ದಪ್ಪಂದಿರೂ ಒಟ್ಟಿಗೇ ಬಂದು ಬೀಳುತ್ತಾರೆ. ಸಾಣಿಗೆಯ ಲೆಕ್ಕ ಇದು. ಕಣ್ಣು ದೊಡ್ಡದಿದ್ದರೆ ಜೋಳದ ಜೊತೆ ಹರಳೂ ಇಳಿಯುತ್ತದೆ, ಸಣ್ಣದಿದ್ದರೆ ಜೋಳವೂ ಮೇಲೆಯೇ ಉಳಿಯುತ್ತದೆ. ಹಾಡು, ಸಿನಿಮಾ ಹುಡುಕುವಾಗ ನಾಲ್ಕು ಕಾಳು ಮೇಲುಳಿದರೆ ನಡೆಯುತ್ತದೆ. ಹೊಲದ ಕಾಗದದಲ್ಲಿ ನಡೆಯಾಂಗಿಲ್ಲ. ಮೇಲುಳಿದದ್ದು ಒಬ್ಬರ ಪಾಲಿನ ಹೊಲ.

ನಮ್ಮ ಅತ್ತಿಯ ವಿಷಯದಲ್ಲಿ ಇದನ್ನು ಹತ್ತಿರದಿಂದ ಕಂಡೆ. ಅಜ್ಜ ತೀರಿಕೊಂಡಾಗ ವಾರಸಾ ದಾಖಲಾಗಿತ್ತು, ಅದರಲ್ಲಿ ತನ್ನ ಹೆಸರೂ ಇತ್ತು ಅಂತ ಅತ್ತಿ ಹೇಳುತ್ತಿದ್ದಳು. ಈಗಿನ ಉತಾರದಲ್ಲಿ ಇಲ್ಲ. ಆಧಾರ್ ಕಾರ್ಡಿನ ಹೆಸರು ಕೊಟ್ಟು ಎಷ್ಟು ಹುಡುಕಿದರೂ ಎಲ್ಲೂ ಇಲ್ಲ. ಇರುವುದಾದರೂ ಹೇಗೆ? ಮದುವೆಯಾದ ದಿನವೇ ಗಂಡನ ಮನೆಯವರು ಹೆಸರು ಬದಲಿಸಿದ್ದರು. ಯಾವ ಸಂಕೇತ ಹಾಕಿದರೂ ತವರಿನ ಹೆಸರು, ಗಂಡನ ಮನೆಯ ಹೆಸರು ಒಂದಾಗುವುದಿಲ್ಲ. ನಮ್ಮ ಭಾಗದಲ್ಲಿ ಹೀಗೆ ಎರಡು ಹೆಸರಿನ ನಡುವೆ ಕಳೆದುಹೋದ ಹೆಣ್ಣುಮಕ್ಕಳು ಎಷ್ಟೋ.

“ಹೊಲಾ ಕೊಡ್ರಿ ಅಂತ ಈಗ ಜಗಳಾ ತಗಿಯಾಕತ್ತಿಲ್ಲೋ ತಮ್ಮಾ. ನಮ್ಮಪ್ಪನ ಕಾಗದದಾಗ ನಾ ಅದೀನೋ ಇಲ್ಲೋ, ಅಷ್ಟ ನೋಡಿ ಹೇಳು,” ಅಂದಳು.

ಹೆಸರು ಬಿಟ್ಟು ಅಂಕಿ ಹಿಡಿದೆವು. ಉತಾರದ 9ನೇ ಕಲಮಿನಲ್ಲಿ ಮಾಲೀಕರ ಹೆಸರು ಇದ್ದರೆ, 10ನೇ ಕಲಮಿನಲ್ಲಿ ಆ ಹೊಲ ಅವರಿಗೆ ಹೇಗೆ ಬಂತು ಅನ್ನುವುದೂ ಅದರ ಮ್ಯುಟೇಶನ್ ನಂಬರೂ ಇರುತ್ತದೆ. ಆ ನಂಬರು ಹಿಡಿದು ಹಿಂದಿನದಕ್ಕೆ, ಅಲ್ಲಿಂದ ಅದರ ಹಿಂದಿನದಕ್ಕೆ. ಡೇಟಾಬೇಸ್ ಭಾಷೆಯಲ್ಲಿ ಇದು ಒಂದು ಕೋಷ್ಟಕದ ಕೀಲಿಯಿಂದ ಇನ್ನೊಂದು ಕೋಷ್ಟಕ ತೆರೆಯುವುದು. ಕಂಪ್ಯೂಟರಿನ ಕಾಲ ಮುಗಿದು ಕೈಬರಹದ ಕಾಲ ಬಂದಲ್ಲಿ ಸರಪಳಿ ಕಡಿಯಿತು. ಆ ಹಿಸ್ಸಾ ನಂಬರಿಗೆ ಹಳೇ ಕಾಗದವೇ ಇಲ್ಲ ಅಂತ ಉತ್ತರ ಬಂತು.

ಬಿಡಿಸಿದವರು ಊರಿನ ಒಬ್ಬ ಹಿರಿಯರು. ಅವರು ಕೇಳಿದ್ದು ಹೆಸರನ್ನೂ ಅಲ್ಲ, ನಂಬರನ್ನೂ ಅಲ್ಲ. “ಯಾವ ಹೊಲಾ? ಹುಣಚೀಗಿಡದ್ದೇನು? ಬಾಜೂಕ ಯಾರದೈತಿ?” ಅಂದರು. ಆಮೇಲೆ, “ಅದು ಮದಲ ಎರಡ ಹಿಸ್ಸಾ ಇತ್ತಪಾ. ಅಣ್ಣತಮ್ಮರು ಬ್ಯಾರೆ ಆದಮ್ಯಾಲೆ ಪೋಡಿ ಆಗಿ ಆರಾಗೇತಿ. ಹಳೇ ಹಿಸ್ಸಾ ಹಾಕಿ ನೋಡ್ರಿ,” ಅಂದರು. ಹಳೇ ಹಿಸ್ಸಾ ನಂಬರು ಕೊಟ್ಟಾಗ ವಾರಸಾ ಪುಟ ಸಿಕ್ಕಿತು. ಅಜ್ಜನ ಗಂಡುಮಕ್ಕಳ ಹೆಸರು ಮುಗಿದ ಮೇಲೆ, ನಾಲ್ಕನೇ ಸಾಲಿನಲ್ಲಿ ಅತ್ತಿಯ ತವರಿನ ಹೆಸರು. ಜೆರಾಕ್ಸ್ ಪ್ರತಿಯನ್ನು ಅವಳು ಮಡಚಿ ಬ್ಯಾಂಕಿನ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡಳು.

ಇಂಥ ಹಳೇ ಪುಟಗಳನ್ನು ಉಳಿಸಲೆಂದೇ ರಾಜ್ಯ ಸರ್ಕಾರ 2024ರಲ್ಲಿ ‘ಭೂ ಸುರಕ್ಷಾ’ ಅಂತ ಶುರು ಮಾಡಿ ತಾಲ್ಲೂಕು ಕಚೇರಿಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಬಹಳ ಒಳ್ಳೆಯ ಕೆಲಸ. ಗೆದ್ದಲಿನಿಂದ, ನೀರಿನಿಂದ, ನಡುವೆ ಪುಟ ಹರಿದು ಬದಲಿಸುವವರಿಂದ ಕಾಗದ ಉಳಿಯುತ್ತದೆ. ಆದರೆ ಸ್ಕ್ಯಾನ್ ಅಂದರೆ ಫೋಟೋ. ಯಂತ್ರಕ್ಕೆ ಅದರಲ್ಲಿ ಕಾಣೋದು ಕಪ್ಪು ಬಿಳುಪು ಚುಕ್ಕೆ, ಅಕ್ಷರ ಅಲ್ಲ. ಅಚ್ಚಿನ ಕನ್ನಡವನ್ನು ಈಗ ಮೊಬೈಲೂ ಚೆನ್ನಾಗಿ ಓದುತ್ತದೆ. ಅವಸರದ ಕೈಬರಹ, ಮಾಸಿದ ಶಾಯಿ, ಅದಕ್ಕಿಂತ ಹಿಂದೆ ಹೋದರೆ ಮುಂಬೈ ಪ್ರಾಂತದ ಕಾಲದ ಮೋಡಿ ಲಿಪಿ, ಇವೆಲ್ಲ ಇನ್ನೂ ಕಷ್ಟ. ಯುನಿಕೋಡಿನಲ್ಲಿ ಮೋಡಿಗೆ ಜಾಗ ಸಿಕ್ಕಿದ್ದೇ 2014ರಲ್ಲಿ. ಹಾಗಾಗಿ ಫೋಟೋದ ಜೊತೆ ಊರು, ವರ್ಷ, ಸರ್ವೆ ನಂಬರು ಅಂತ ಮನುಷ್ಯರು ಚೀಟಿ ಬರೆದು ಅಂಟಿಸಲೇಬೇಕು. ಆ ಚೀಟಿ ಎಷ್ಟು ಚೆಂದ ಇರುತ್ತದೋ ಹುಡುಕಾಟವೂ ಅಷ್ಟೇ ಚೆಂದ. ಹಳೇ ಹಿಸ್ಸಾ ಯಾವುದು, ಹೊಸದು ಯಾವುದು ಅನ್ನುವ ಜೋಡಣೆ ಚೀಟಿಯಲ್ಲಿ ಇಲ್ಲದಿದ್ದರೆ, ಧೂಳಿನ ಕೋಣೆಯಿಂದ ಕಾಗದ ಧೂಳಿಲ್ಲದ ಕೋಣೆಗೆ ಹೋಗಿ ಕೂತಂತೆ, ಅಷ್ಟೇ.

ಊರು ಬಿಟ್ಟು ದೂರ ಇರುವ ನನ್ನಂಥವರಿಗೆ ಒಂದು ಮಾತು. ಈ ಸಲ ರಜೆಗೆ ಹೋದಾಗ ಒಂದು ವಹಿ ತಗೊಂಡು ಮನೆಯ ಹಿರಿಯರ ಹತ್ತಿರ ಕುಳಿತುಕೊಳ್ಳಿ. ಹೊಲಕ್ಕೆ ಕರೆಯುವ ಹೆಸರು, ಹಳೇ ನಂಬರು, ಹೊಸ ನಂಬರು, ನಾಲ್ಕೂ ದಿಕ್ಕಿಗೆ ಯಾರ ಬಾಂದ ಅಂತ ಬರೆದುಕೊಳ್ಳಿ. ಮನೆಯಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳದ್ದು ಎರಡೂ ಹೆಸರು ಬರೆಯಿರಿ. ಯಾವ ಸರ್ವರಿನಲ್ಲೂ ಇಲ್ಲದ ಪಟ್ಟಿ ಅದು. ಇವತ್ತಿಗೆ ಅದು ಎಂಬತ್ತು ದಾಟಿದ ನಾಲ್ಕಾರು ಜನರ ತಲೆಯಲ್ಲಿ ಮಾತ್ರ ಇದೆ.