ಸಾಂಬ್ರಾದ ಬಯಲು ಮತ್ತು ರೆಕ್ಕೆಯ ಮುದ್ರೆ

ಐನಾಪುರದ ಕಬ್ಬಿನ ಹೊಲಗಳನ್ನು ಬಿಟ್ಟು, ಕೃಷ್ಣೆಯನ್ನು ದಾಟಿ ದಕ್ಷಿಣಾಭಿಮುಖವಾಗಿ ಹೊರಟ ಪ್ರವಾಸಿಯು ಬೆಳಗಾವಿಯ ಬಳಿಯ ಸಾಂಬ್ರಾ ಗ್ರಾಮವನ್ನು ನೋಡದೆ ಮರಳಬಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಸೇನೆಯು ಇಲ್ಲಿ ವಿಮಾನ ನಿಲ್ದಾಣವನ್ನು ಕಟ್ಟಿಸಿತು. ಈಗ ಇಲ್ಲಿ ಪ್ರಯಾಣಿಕರ ವಿಮಾನಗಳು ಇಳಿಯುತ್ತವೆ. ನಮ್ಮ ವಾಯುಸೈನಿಕರ ತರಬೇತಿ ಶಾಲೆಯೂ ಇಲ್ಲಿಯೇ ಉಂಟು.

ಸೇನಾವಿಮಾನದ ಮೇಲಿನ ದುಂಡು ಮುದ್ರೆಯು ಬರಿಯ ಅಲಂಕಾರವೆಂದು ವಾಚಕರು ತಿಳಿಯಬಾರದು. ಹಾರಿಬರುತ್ತಿರುವವನು ಮಿತ್ರನೋ ಶತ್ರುವೋ ಎಂಬುದನ್ನು ನೆಲದ ಮೇಲಿನ ಗೋಲಂದಾಜನು ಕ್ಷಣಮಾತ್ರದಲ್ಲಿ ನಿರ್ಣಯಿಸಬೇಕು. ಆಗಿನ ಬ್ರಿಟಿಷ್ ಮುದ್ರೆಯ ನಡುವೆ ಕೆಂಪು ಬೊಟ್ಟಿತ್ತು. ಜಪಾನೀಯರ ಮುದ್ರೆಯೂ ಕೆಂಪು ಸೂರ್ಯಬಿಂಬವೇ. ಬರ್ಮಾದ ರಣರಂಗದಲ್ಲಿ ತಮ್ಮವರ ಗುಂಡಿಗೆ ತಮ್ಮವರೇ ಬಲಿಯಾಗಬಾರದೆಂದು ಆ ಕೆಂಪನ್ನು ಅಳಿಸಿದರು. ಕಡುನೀಲಿಯ ನಡುವೆ ಬಿಳಿ ಅಥವಾ ತಿಳಿನೀಲಿ ಉಳಿಯಿತು. 1932ರಲ್ಲಿ ಜನ್ಮತಾಳಿದ ಭಾರತೀಯ ವಾಯುಸೇನೆಯೂ ಅದೇ ಪರಕೀಯ ಮುದ್ರೆಯನ್ನು ಧರಿಸಿ ಕಾದಿತು.

ಸ್ವಾತಂತ್ರ್ಯ ಬಂದ ಮೇಲೆ ಕೆಲಕಾಲ ಅಶೋಕಚಕ್ರವು ರೆಕ್ಕೆಯನ್ನೇರಿತು. 1950ರಲ್ಲಿ ಗಣರಾಜ್ಯವಾದಾಗ ಇಂದಿನ ಮುದ್ರೆ ಬಂದಿತು: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ವಾಯುಸೇನೆಯ ನೀಲಿ ಧ್ವಜದಲ್ಲಿಯೂ ರಾಷ್ಟ್ರಧ್ವಜದೊಡನೆ ಇದೇ ಮುದ್ರೆಯಿದೆ. 2023ರ ಅಕ್ಟೋಬರ್ 8ರಂದು ಆ ಧ್ವಜಕ್ಕೆ ಸೇನೆಯ ಲಾಂಛನವನ್ನು ಸೇರಿಸಿದರು. ಮುದ್ರೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು.

ಪರರ ಬಣ್ಣವನ್ನು ಹೊತ್ತು ಹಾರಿದವರು ತಮ್ಮದೇ ಬಣ್ಣವನ್ನು ಪಡೆಯಲು ಹದಿನೆಂಟು ವರ್ಷ ಹಿಡಿಯಿತು. ಸಾಂಬ್ರಾಕ್ಕೆ ಹೋಗುವ ಗೃಹಸ್ಥರು ಮಕ್ಕಳಿಗೆ ಈ ಸಂಗತಿಯನ್ನು ತಿಳಿಸಿದರೆ ಪ್ರವಾಸವು ಸಾರ್ಥಕವಾದೀತು.